ತಾರಸಿಯ ಮೇಲಿನ ಇಟಲಿ

ಶ್ರಾವಣದ ಒಂದು ಮಧ್ಯಾಹ್ನ, ಸರಿಯಾಗಿ ಎರಡು ಗಂಟೆ ನಲವತ್ತು ನಿಮಿಷಕ್ಕೆ, ಕಾಶಿಯ ನಮ್ಮ ಮನೆಯಲ್ಲಿ ಅತ್ತೆಯ ಮಂಚದ ಮೇಲೆ ಗಂಗೆ ಅವತರಿಸಿದಳು. ಕರೆತಂದ ಭಗೀರಥ ನನ್ನ ಸೋದರಮಾವ. ಪುರಾಣದ ಭಗೀರಥನಿಗೆ ಶಿವನ ಜಟೆಯಾದರೂ ಇತ್ತು. ನಮ್ಮವರಿಗಿದ್ದದ್ದು ಅಜ್ಜನ ಕಾಲದ ಗಾರೆಯ ತಾರಸಿ!

ಮಾವ ಕೇದಾರಘಾಟಿನ ಬಳಿ ಕನ್ನಡ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುವ ಪುರೋಹಿತರು. ನಮ್ಮಲ್ಲಿ ಬಾಡಿಗೆಗಿದ್ದ ವಿದೇಶಿ ಹುಡುಗಿಯೊಬ್ಬಳು ದಪ್ಪ ಚಿತ್ರಪುಸ್ತಕವೊಂದನ್ನು ಬಿಟ್ಟುಹೋದಳು. ಐನೂರು ವರ್ಷದ ಹಿಂದೆ ಇಟಲಿಯ ಶ್ರೀಮಂತರು ಗುಡ್ಡದ ಮೇಲೆ ಮಾಡಿಸಿದ ಬಂಗಲೆ ತೋಟಗಳದು. ಮನೆಯ ಹತ್ತಿರ ದಾರ ಹಿಡಿದಂಥ ದಾರಿ, ಕತ್ತರಿಸಿ ಗೋಡೆಯಂತೆ ನಿಲ್ಲಿಸಿದ ಗಿಡ, ಮೆಟ್ಟಿಲಿಳಿಯುವ ನೀರು. ದೂರ ಹೋದಂತೆ ಗೆರೆಗಳೆಲ್ಲ ಸಡಿಲಗೊಂಡು ಕೊನೆಗೆ ಕಾಡು. ಇಷ್ಟನ್ನೂ ಮಾವನಿಗೆ ಓದಿ ಹೇಳಿದ ಪಾಪಿ ನಾನೇ. ಕಾಲೇಜಿಗೆ ಕಳಿಸಿದ್ದು ಸಾರ್ಥಕವಾಯಿತು!

"ಇದು ನಮ್ಮ ಪೂಜೆಯ ಮಂಡಲವೇ ಕಣೇ! ಆ ಜನ ಹಿಂದಿನ ಜನ್ಮದಲ್ಲಿ ಪುರೋಹಿತರು. ನಮ್ಮ ತಾರಸಿಯ ಮೇಲೂ ಇಂಥದೊಂದು ಮಾಡ್ತೀನಿ."

"ನಮ್ಮ ಛತ್ತಿನ ಮೇಲೆ ಕಾಡು ಎಲ್ಲಿ ಬೆಳೆಸ್ತೀರಿ ಮಾವ?"

"ಅದರ ಚಿಂತೆ ನಿನಗ್ಯಾಕೆ?"

"ಕಾಡಿನ ಮಂಗಗಳಂತೂ ಆಗಲೇ ಬಂದಿವೆ," ಎಂದರು ಮಂಡಿನೋವಿನ ಅತ್ತೆ, ಮಂಚದಿಂದಲೇ.

ಗಿಡಗೋಡೆಗೆ ಮಾವ ಆರಿಸಿದ್ದು ತುಳಸಿ. ತುಳಸಿಯನ್ನು ಕಂಡಕಂಡಾಗ ಕತ್ತರಿಸಲಾದೀತೇ? ಭಾನುವಾರ ಕೂಡದು, ಮಂಗಳವಾರ ಕೂಡದು, ಶುಕ್ರವಾರ ಕೂಡದು, ದ್ವಾದಶಿಯಂತೂ ಕೂಡಲೇಕೂಡದು! ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಪಂಚಾಂಗ. ಮುಹೂರ್ತ ಸಿಗುವಷ್ಟರಲ್ಲಿ ಗೋಡೆ ಕೆದರಿದ ತಲೆಯಾಗಿರುತ್ತಿತ್ತು.

"ಇಟಲಿಯವರಿಗೆ ದ್ವಾದಶಿ ಇರಲಿಲ್ಲವೇನ್ರೀ?"

"ಅದಕ್ಕೇ ಅವರ ಸಾಲು ನೇರ!"

ಆಮೇಲೆ ನೀರಿನ ಮೆಟ್ಟಿಲು. ಏಳು ಕಲ್ಲು, ಒಂದು ಪಂಪು, ಕೊಡಗಟ್ಟಲೆ ಗಂಗಾಜಲ. ಎಡವಟ್ಟಾದದ್ದು ಇಲ್ಲಿ. ಚೆಲ್ಲಿದ ನೀರು ತಾರಸಿಯ ಕೊಳವೆಯಿಂದ ಗಲ್ಲಿಯ ಮೋರಿಗೆ ಹೋಗುತ್ತಿತ್ತು. ತೀರ್ಥ ಮೋರಿಗೆ! ಮಾವ ಹಳೆಯ ಪಂಚೆ ಸುತ್ತಿ ಕೊಳವೆಗೆ ಬೂಚು ಬಡಿದರು. ನಮಗೆ ಹೇಳಲಿಲ್ಲ. ಮಳೆಗೂ ಹೇಳಲಿಲ್ಲ.

ಎರಡು ದಿನ ಬಿಡದೆ ಸುರಿಯಿತು. ಎರಡನೆಯ ಮಧ್ಯಾಹ್ನ ಎರಡೂ ನಲವತ್ತಕ್ಕೆ, ಮಲಗಿದ್ದ ಅತ್ತೆಯ ಹಣೆಗೆ ಒಂದು ಹನಿ. ಬಟ್ಟಲು ತರಲೆಂದು ಎದ್ದೆ. ಮೇಲೆ ತೊಲೆ 'ಕಟಕ್' ಎಂದಿತು. ಬಟ್ಟಲು ಮರೆತು, ಅತ್ತೆಯನ್ನು ಎಳೆದುಕೊಂಡು ಹೊಸಿಲು ದಾಟಿದೆ. ಹಿಂದೆಯೇ ಗಾರೆ, ಇಟ್ಟಿಗೆ, ಕೆಸರು, ಒಂದು ತುಳಸಿಕುಂಡ, ಎಲ್ಲ ಅವರ ದಿಂಬಿನ ಮೇಲೆ. ಬಟ್ಟಲು ತರಲು ಹೋಗಿದ್ದರೆ? ಈಗಲೂ ಅನ್ನ ಕಲಸುವಾಗ ಆ 'ಕಟಕ್' ಕೇಳಿಸಿ ಕೈ ನಿಂತುಬಿಡುತ್ತದೆ.

"ರೀ," ಅತ್ತೆ ಕೂಗಿದರು, "ನಿಮ್ಮ ಇಟಲಿ ಕೆಳಗೆ ಬಂತು!"

ಜಪದಲ್ಲಿದ್ದ ಮಾವ ಮೇಲಕ್ಕೋಡಿ ಬರಿಗೈಯಲ್ಲಿ ಬೂಚು ಕಿತ್ತರು. ತೀರ್ಥವೆಲ್ಲ ಭೋರೆಂದು ಮೋರಿಗೆ ಹೋಯಿತು. ಅತ್ತ ತಿರುಗಿಯೂ ನೋಡದೆ ಕೆಳಗಿಳಿದು, ಅತ್ತೆಯ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದರು.

ಆಮೇಲೆ ಮೂವರಿಗೂ ನಿದ್ದೆಯಿಲ್ಲ. ಸೂರು ನೋಡುವುದೇ ಕೆಲಸ. ಮೇಸ್ತ್ರಿ ಬಂದು, ಮಾವನಿಗೆ ಬೈದು, ಕುಂಡಗಳನ್ನೆಲ್ಲ ಅಂಗಳಕ್ಕಿಳಿಸಿ, ಹೊಸ ತೊಲೆ ಕೂರಿಸಿದ. ತಾರಸಿಯ ನಡುವೆ ತಾವು ಎಳೆದಿದ್ದ ನೇರ ದಾರಿಯ ಗೆರೆ ಮಾತ್ರ ಇರಲಿ ಎಂದರು ಮಾವ.

ಕೆಲಸ ಮುಗಿದ ಸಂಜೆ ಅವರು ಅತ್ತೆಯನ್ನು ಕೈಹಿಡಿದು ಹನ್ನೆರಡು ಮೆಟ್ಟಿಲು ಹತ್ತಿಸಿ, ಗೆರೆಯ ಈ ತುದಿಯಲ್ಲಿಟ್ಟ ಕುರ್ಚಿಯಲ್ಲಿ ಕೂರಿಸಿದರು. ಅತ್ತೆ ಘಾಟಿಗೆ ಇಳಿದು ಎರಡು ವರ್ಷವಾಗಿತ್ತು. ಗೆರೆಯ ಆ ತುದಿಗೆ, ಎರಡು ಮನೆಗಳ ಸಂದಿನಲ್ಲಿ, ಮಳೆಗೆ ಉಬ್ಬಿ, ಯಾರ ಅಳತೆಗೂ ಸಿಗದೆ ಹರಿಯುತ್ತಿದ್ದಳು ಗಂಗೆ.

"ಕಾಡು ಎಲ್ಲಿ ಅಂದೆಯಲ್ಲ," ಎಂದರು ಮಾವ ನನ್ನತ್ತ ತಿರುಗಿ. "ಅಗೋ."

ಅತ್ತೆ ಬಹಳ ಹೊತ್ತು ನೋಡಿದರು. "ಬರೀ ಕುರ್ಚಿ ಸಾಕಿತ್ತಲ್ರೀ," ಎಂದು ಕಣ್ಣೊರೆಸಿಕೊಂಡರು.

ಅಂದು ರಾತ್ರಿ ನಾವು ಮೂವರೂ ಬೆಳಗಿನವರೆಗೆ ನಿದ್ದೆಮಾಡಿದೆವು.