ಮಾವನ ಮೊದಲ ಮುದ್ರಣ

ನಮ್ಮ ಸೋದರಮಾವ ಪುಸ್ತಕ ಓದಿದ್ದನ್ನು ನಾನು ನೋಡಿಲ್ಲ; ಮೂಸಿದ್ದನ್ನು ನೋಡಿದ್ದೇನೆ. ಅದೂ ದೊಡ್ಡವರ ಪುಸ್ತಕವಲ್ಲ. ಆನೆ, ಇಲಿ, ಗುಬ್ಬಿಗಳಿರುವ ಮಕ್ಕಳ ಚಿತ್ರಪುಸ್ತಕ! ಸಂಖ ಎಂಬ ಊರಲ್ಲಿ ಅವರದೊಂದು ಗೊಬ್ಬರದ ಅಂಗಡಿ. ಯೂರಿಯಾ ಕೇಳಲು ಬಂದವರಿಗೆ ಅವರು ಮೊದಲು ಕೇಳುವುದು, "ಮನ್ಯಾಗ ಸಣ್ಣ ಹುಡುಗರ ಹಳೀ ಪುಸ್ತಕ ಅದಾವೇನ್ರಿ?"

ಸಿಕ್ಕ ಪುಸ್ತಕವನ್ನು ಅವರು ಪರೀಕ್ಷಿಸುವ ಚಂದ ನೋಡಬೇಕು. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ, ಅಡಿಯ ಹಳೆಯ ಬೆಲೆ ಕಾಣಲೆಂದು ಉಗುರಿನಿಂದ ಮೆಲ್ಲಗೆ ಕೆರೆಯುತ್ತಾರೆ. ಆಮೇಲೆ ಎಷ್ಟನೆಯ ಮುದ್ರಣವೆಂದು ಒಳಪುಟದಲ್ಲಿ ಹುಡುಕುತ್ತಾರೆ.

"ಆ ಪುಟಾನ ಹರದಿದ್ರ?" ಎಂದು ಒಮ್ಮೆ ಕೇಳಿದೆ.

"ಹಿಂದಿನ ರಟ್ಟ ಐತಲ್ಲೋ ಅಳಿಯಾ. ಛಾಪಿಸಿದವರು ‘ನಮ್ಮ ಬ್ಯಾರೆ ಪುಸ್ತಕ’ ಅಂತ ಅದರ ಮ್ಯಾಲ ಹೆಸರ ಹಾಕಿರ್ತಾರ. ಇದಕ್ಕಿಂತ ಆಮ್ಯಾಲ ಬಂದ ಪುಸ್ತಕದ ಹೆಸರ ಅದರಾಗ ಇದ್ರ, ಇದು ಮೊದಲನೇದಲ್ಲ."

ಇಷ್ಟು ತಪಾಸಣೆ ಮಾಡಿ ಯಾರಾದರೂ ಎತ್ತು ಕೊಂಡದ್ದುಂಟೇ?

ಈ ವಿದ್ಯೆಯನ್ನೆಲ್ಲ ಅವರು ಕಲಿತದ್ದು ಒಂದೇ ಪುಸ್ತಕಕ್ಕಾಗಿ. ಇಲಿಯೊಂದು ರೊಟ್ಟಿ ಕದಿಯುವ ಕಥೆಯದು. ಮೊದಲ ಮುದ್ರಣದಲ್ಲಿ ಒಬ್ಬಾಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾಳಂತೆ. ಮುಂದಿನ ಮುದ್ರಣಗಳಲ್ಲಿ ಆಕೆಯನ್ನು ತೆಗೆದು, ಗ್ಯಾಸಿನ ಮುಂದೆ ಇನ್ನೊಬ್ಬಳನ್ನು ನಿಲ್ಲಿಸಿದ್ದಾರೆ. ಮಾವ ತೊಟ್ಟಿಲಲ್ಲಿದ್ದಾಗಲೇ ನಮ್ಮಜ್ಜಿ ತೀರಿಕೊಂಡಳು, ಒಂದು ಫೋಟೋ ಕೂಡ ಇಲ್ಲ. "ಆ ರೊಟ್ಟಿ ಬಡಿಯಾಕಿ ಥೇಟ್ ನಮ್ಮವ್ವ," ಎನ್ನುತ್ತಾರೆ ಮಾವ. ಅವರಿಗೆ ಹಾಗೆಂದು ಹೇಳಿದವಳು ಅವರ ಅಕ್ಕ, ಅಂದರೆ ನನ್ನ ತಾಯಿ. ಆ ಪುಸ್ತಕ ಯಾವಾಗಲೋ ಮನೆಯಿಂದ ಕಾಣೆಯಾಯಿತು. ಮಾವ ಹುಡುಕುವುದನ್ನು ಬಿಡಲಿಲ್ಲ.

ಹೋದ ವರ್ಷ ನನಗೆ ಹೆಣ್ಣು ನೋಡಲು ವಳಸಂಗಕ್ಕೆ ಹೋದೆವು. ತಾಯಿಗೆ ಮೊಣಕಾಲು ನೋವು, ಹೀಗಾಗಿ ಹಿರಿತನವೆಲ್ಲ ಮಾವನದು. ಹುಡುಗಿ ಒಪ್ಪಿಗೆಯಾದರೆ ಮಾತ್ರ ಆಕೆಯ ಮನೆಯವರ ಕೈಗೆ ತೆಂಗಿನಕಾಯಿ ಕೊಡುವುದು ನಮ್ಮ ಮಂದಿಯ ಪದ್ಧತಿ. ಕಾಯಿ ಮಾವನ ಚೀಲದಲ್ಲಿತ್ತು. ಅವಲಕ್ಕಿ ಬಂತು, ಹುಡುಗಿ ಬಂದಳು. ನಾನು ತಲೆ ಎತ್ತುವಷ್ಟರಲ್ಲಿ ಮಾವ, "ಮನ್ಯಾಗ ಸಣ್ಣ ಹುಡುಗರ ಹಳೀ ಪುಸ್ತಕ..." ಎಂದು ಶುರು ಮಾಡಿಯೇಬಿಟ್ಟರು! ಹುಡುಗಿ ನಗು ತಡೆದುಕೊಂಡು ಒಳಗೆ ಹೋಗಿ, ತನ್ನ ತಂದೆ ಚಿಕ್ಕಂದಿನಲ್ಲಿ ಓದಿದ ಪುಸ್ತಕಗಳ ಕಟ್ಟು ತಂದಿಟ್ಟಳು. ಮಾವ ಒಂದೊಂದೇ ತಿರುವಿದರು. ಇಲಿ ಸಿಕ್ಕಿತು, ಒಲೆ ಸಿಕ್ಕಿತು, ಒಲೆಯ ಮುಂದೆ ಆಕೆಯೂ ಇದ್ದಳು.

"ಇದನ್ನ ನಾ ಒಯ್ಲೇನ್ರಿ?" ಎಂದರು ಮಾವ, ಪುಟದ ಮೇಲಿನ ಬೆರಳು ತೆಗೆಯದೆ.

"ಒಯ್ರಿ, ಅದರಾಗೇನೈತಿ," ಎಂದರು ಹುಡುಗಿಯ ತಾಯಿ.

ಬರಿಗೈಯಲ್ಲಿ ಇಸಿದುಕೊಳ್ಳುವುದು ಹೇಗೆ? ಮಾವ ಚೀಲಕ್ಕೆ ಕೈ ಹಾಕಿ, ಸಿಕ್ಕ ಕಾಯಿಯನ್ನು ಅವರ ಕೈಗಿಟ್ಟುಬಿಟ್ಟರು!

ಮುಗಿಯಿತು. ಹೆಂಗಸರೆಲ್ಲ ಎದ್ದು ನಿಂತರು, ಯಾರೋ ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಾನಿನ್ನೂ ಹುಡುಗಿಯ ಮುಖ ಸರಿಯಾಗಿ ನೋಡಿರಲಿಲ್ಲ! ಗದ್ದಲದಲ್ಲಿ ಹೇಗೋ ಅವಳ ಹತ್ತಿರ ಹೋಗಿ, "ಆ ಕಾಯಿ ಪುಸ್ತಕಕ್ಕ ಕೊಟ್ಟದ್ರಿ," ಎಂದೆ.

"ಗೊತ್ತಾತ್ರಿ. ಅವರು ಪುಸ್ತಕ ಒಯ್ಯಲಿ ಬಿಡ್ರಿ. ನಮ್ಮದು ಆಮ್ಯಾಲ ಮಾತಾಡೂಣು," ಎಂದಳು. ಮಾತಾಡಿದೆವು. ಈಗ ಅವಳು ನನ್ನ ಹೆಂಡತಿ.

ಅಂದು ಮನೆಗೆ ಬಂದ ಮಾವ ಹುಡುಗಿಯ ಸುದ್ದಿಯನ್ನೇ ಎತ್ತಲಿಲ್ಲ. ಪುಟ ತೆರೆದು ನನ್ನ ತಾಯಿಯ ಮುಂದೆ ಹಿಡಿದರು. "ಅಕ್ಕಾ, ಇಕೀನ ಹೌದಲ್ಲ?"

ತಾಯಿ ಬಹಳ ಹೊತ್ತು ನೋಡಿದಳು. "ಹೌದೋ ತಮ್ಮಾ. ಅವ್ವನ ಇಕಿ."

ಮಾವ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟರು. ಅವರು ಹೋದ ಮೇಲೆ ನಾನು ಕೇಳಿದೆ, "ಖರೇನ ಅಜ್ಜಿ ಹಂಗ ಇದ್ದಳೇನವ್ವಾ?"

"ಸುಳ್ಳ ಹೇಳಿದ್ದೆಪ್ಪಾ. ಸಣ್ಣಾಂವ ಇದ್ದಾಗ ಅಂವಾ ಅಳಾಕ ಹತ್ತಿದ್ರ ಸುಮ್ಮನ ಆಗ್ತಿದ್ದಿಲ್ಲ. ನಾನರೆ ಎಷ್ಟ ದೊಡ್ಡಾಕಿ ಇದ್ನಿ? ಈ ಚಿತ್ರ ತೋರ್ಸಿ, ಇಕೀನ ನಮ್ಮವ್ವ ಅಂತಿದ್ದೆ."

ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳಿ ಹೇಳಿ ಅವ್ವನ ಖರೇ ಮಾರಿ ನನಗೂ ಮರ್ತಹೋತು. ಈಗ ನನಗೂ ಇಕೀನ ಅವ್ವ."