ಪಸಂದಿಗೆ ತಂದ ಎರಡು ಲ್ಯಾಪ್‌ಟಾಪು

ಗುಡ್, ಬೆಟರ್, ಬೆಸ್ಟ್! ಇಳಕಲ್ಲಿನ ಮಕ್ಕಳಿಗೆ ಮೂವತ್ತನಾಲ್ಕು ವರ್ಷ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಕಲಿಸಿದವಳು ನಾನು. ಎರಡು ಲ್ಯಾಪ್‌ಟಾಪುಗಳಲ್ಲಿ ಯಾವುದು ಬೆಟರ್ ಎಂದು ಹೇಳಲು ನನಗೆ ಯಾರ ಸಹಾಯ ಬೇಕು? ಯಾರದೂ ಬೇಡ. ಇದನ್ನು ಮನೆಯಲ್ಲಿ ಮೂರು ಸಲ, ಸ್ವಲ್ಪ ಜೋರಾಗಿಯೇ ಘೋಷಿಸಿದೆ.

ಲ್ಯಾಪ್‌ಟಾಪು ನನಗಲ್ಲ, ಸೊಸೆ ಶೈಲಾಳಿಗೆ. ಅವಳು ಹುನಗುಂದದ ಕಾಲೇಜೊಂದರಲ್ಲಿ ಕಾಮರ್ಸ್ ಲೆಕ್ಚರರ್. ದಿನವೂ ಬಸ್ಸಿನಲ್ಲಿ ನಿಂತು ಹೋಗುತ್ತಾಳೆ, ನಿಂತು ಬರುತ್ತಾಳೆ. ಹೆಗಲಿಗೆ ಹಳೆಯ ಲ್ಯಾಪ್‌ಟಾಪು. ಲ್ಯಾಪ್‌ಟಾಪೇ ಅದು? ಬೀಸುಕಲ್ಲು! ಕಳೆದ ತಿಂಗಳು ಬಲಗೈ ಮೇಲೆತ್ತಿ ತಲೆ ಬಾಚಿಕೊಳ್ಳಲಾಗದೆ ಕನ್ನಡಿಯ ಮುಂದೆ ಕಣ್ಣೀರು ಹಾಕುತ್ತಿದ್ದಳು. ಜಡೆ ನಾನೇ ಹಾಕಿದೆ. ಹೆಣ್ಣುಮಕ್ಕಳಿಲ್ಲದ ನನಗೆ ಆ ಐದು ನಿಮಿಷ ಹಿತವೆನಿಸಿದ್ದು ಸುಳ್ಳಲ್ಲ. ಆದರೆ ಬಾಗಲಕೋಟೆಯ ಡಾಕ್ಟರು ನಿಷ್ಠುರವಾಗಿ ಹೇಳಿದರು: "ಹೆಗಲ ಮ್ಯಾಲಿನ ಭಾರ ಇಳಸ್ರಿ. ಇಲ್ಲಂದ್ರ ಈ ಕೈ ಕಾಯಂ ಹಿಡಕೊಂಡು ಬಿಡ್ತದ."

ಬೀಸುಕಲ್ಲನ್ನು ಆ ದಿನವೇ ಎಕ್ಸ್‌ಚೇಂಜಿಗೆ ಕೊಟ್ಟು ಕೈ ತೊಳೆದುಕೊಂಡೆ. ಹೊಸದಕ್ಕೆ ಕಣದಲ್ಲಿ ಉಳಿದವು ಎರಡು. ಒಂದು ಬೆಳ್ಳಿ ಬಣ್ಣದ್ದು, ಒಂದು ಕಪ್ಪು. ಎರಡೂ 'ಹೋಮ್ ಅಂಡ್ ಆಫೀಸ್'. ಎರಡೂ 'ಲೈಟ್‌ವೇಟ್'. ಅವುಗಳ ಜಾಹೀರಾತಿನ ಕಾಗದ ಓದುತ್ತ ಓದುತ್ತ ನನ್ನ ಬಿ.ಪಿ. ಏರಿತು. 'ವೇಟ್ ಸ್ಟಾರ್ಟಿಂಗ್ ಫ್ರಮ್ ಒಂದೂಕಾಲು ಕೆಜಿ' ಅಂತೆ! ತೂಕವೇನು ಕೆರೂರಿನ ಬಸ್ಸೇ, ಒಂದು ಕಡೆ ಸ್ಟಾರ್ಟ್ ಆಗಿ ಇನ್ನೊಂದು ಕಡೆ ಮುಟ್ಟಲು? 'ಬ್ಯಾಟರಿ ಅಪ್ ಟು ಹದಿನೆಂಟು ಅವರ್ಸ್' ಅಂತೆ! ಅಪ್ ಟು! ಹತ್ತು ನಿಮಿಷಕ್ಕೆ ಸತ್ತರೂ ಆ ವಾಕ್ಯ ಸುಳ್ಳಾಗುವುದಿಲ್ಲವಲ್ಲ! ಮೇಲೆ 'ಮಿಲಿಟರಿ ಗ್ರೇಡ್ ಬಾಡಿ' ಬೇರೆ. ಹುನಗುಂದದ ಬಸ್ಸು ಹತ್ತುವವರಿಗೆ ಅದು ಬೇಕಾಗಬಹುದು, ಇರಲಿ. ಆದರೆ ನಾವು ಇಂಥ ಕಳ್ಳ ಇಂಗ್ಲಿಷು ಬರೆದಿದ್ದರೆ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಬೆರಳಿನ ಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಆ ಸ್ಕೇಲು ನೆನಪಾಗಿ ಕಣ್ಣು ಒದ್ದೆಯಾಯಿತು. ಎಂಥ ಒಳ್ಳೆಯ ಸ್ಕೇಲು! ಈಗ ಯಾರ ಕೈಯಲ್ಲಿದೆ ಅದು?

ಪೇಟೆಯಲ್ಲಿ ವೀರೇಶನ ಅಂಗಡಿ. ನನ್ನ ಸ್ಟೂಡೆಂಟು. ತಲೆ ಅರ್ಧ ಬೋಳಾಗಿದ್ದರೂ ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ. ಅವನ ಅಪ್ಪ ಅದೇ ಜಾಗದಲ್ಲಿ ಗಾದಿಯ ಮೇಲೆ ಕುಳಿತು ಸೀರೆ ಮಾರುತ್ತಿದ್ದರು. ಗುರುತಿನವರು ಸೀರೆಗಳ ಗಂಟನ್ನೇ ಪಸಂದಿಗೆಂದು ಮನೆಗೆ ಒಯ್ದು, ನಾಲ್ಕು ಜನರಿಗೆ ತೋರಿಸಿ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮರುದಿನ ತಿರುಗಿ ಕಳಿಸುವುದು ನಮ್ಮೂರಿನ ಪದ್ಧತಿ.

"ಎರಡೂ ಕಟ್ಟು," ಎಂದೆ.

"ಎರಡೂ ತಗೋತೀರೇನ್ರಿ ಟೀಚರ್?"

"ತಗೊಳ್ಳೂದು ಒಂದ. ಮನಿಗೆ ಒಯ್ದು ನೋಡಿ, ಪಸಂದ ಬರಲಾರದ್ದು ನಾಳೆ ತಿರುಗಿ ತರ್ತೇನಿ."

"ಟೀಚರ್, ಇದು ಸೀರಿ ಅಲ್ಲರಿ…"

"ನನ್ನ ಮದುವಿಗೆ ನಿಮ್ಮಪ್ಪ ಹನ್ನೆರಡು ಸೀರಿ ಕೊಟ್ಟು ಕಳಿಸಿದ್ರು. ಹತ್ತು ತಿರುಗಿ ಕೊಟ್ವಿ. ಒಂದು ಮಾತು ಅನಲಿಲ್ಲ. ದೊಡ್ಡ ಮನಸಿನ ಮನಿಷ್ಯಾ!"

ವೀರೇಶ ಬಾಯಿ ತೆರೆದ. ನಾನು ಕನ್ನಡಕದ ಮೇಲಿಂದ ನೋಡಿದೆ. ಮುಚ್ಚಿದ.

"ಆತ್ರಿ. ಆದ್ರ ಒಂದು ಕಲಿ, ಗೀರು ಸೈತ ಬೀಳಬಾರದ್ರಿ," ಎಂದು ಕಟ್ಟಿಕೊಟ್ಟ.

ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು, ಹಾಳೆಯ ಮೇಲೆ ಗೆರೆ ಎಳೆದು, ಸೈಂಟಿಫಿಕ್ ಆಗಿ ಪರೀಕ್ಷೆ ಆರಂಭಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಬೆಳ್ಳಿಯದು ಹಗುರ. ಬರೆದುಕೊಂಡೆ. ಅಷ್ಟರಲ್ಲಿ ನಮ್ಮ ಯಜಮಾನರು ಬಂದರು.

"ಚಾರ್ಜರ್ ಇಟ್ಟೀಯೇನು?"

"ಚಾರ್ಜರ್ ಯಾಕ?"

"ಅದನ್ನೇನು ಕಂಡಕ್ಟರ್ ಹೊರ್ತಾನ?"

ಚಾರ್ಜರ್ ಇಟ್ಟು ತೂಗಿದೆ. ಕಪ್ಪು ಬಣ್ಣದ್ದು ಹಗುರವಾಯಿತು! ಹಾಳೆ ಹರಿದು ಹಾಕಿದೆ. ಹೊಸ ಹಾಳೆ. ಬೆಳ್ಳಿಯದರ ಕೀಗಳಿಗೆ ಕೆಳಗಿನಿಂದ ಬೆಳಕು, ಕಪ್ಪಿಗೆ ಇಲ್ಲ. ಕಪ್ಪಿನ ಸ್ಕ್ರೀನು ಒಂದಿಂಚು ದೊಡ್ಡದು. ಶೈಲಾಳ ಕ್ಲಾಸಿಗೆ ಪ್ರೊಜೆಕ್ಟರ್ ಬೇಕೇ ಬೇಕು. ಅದರ ವೈರು ಚುಚ್ಚುವ ತೂತು ಕಪ್ಪಿಗಿದೆ, ಬೆಳ್ಳಿಗಿಲ್ಲ. ಆದರೆ ಕಪ್ಪಿನ ಫ್ಯಾನು ಗೊರಕೆ ಹೊಡೆಯುತ್ತದೆ.

"ಥೇಟ್ ನಿಮ್ಮಂಗ," ಎಂದೆ.

ಯಜಮಾನರು ಎದ್ದು ಒಳಗೆ ಹೋದರು. ನನ್ನನ್ನು ತಡೆಯಬಹುದಾಗಿದ್ದ ಏಕೈಕ ವ್ಯಕ್ತಿ!

ಅವರು ಹೋದದ್ದೇ ತಡ, ಪಕ್ಕದ ಮನೆಯ ಗಂಗಕ್ಕ ಬಂದಳು.

"ಅಕ್ಕೋರ, ಎರಡೆರಡು ತಂದೀರಲ್ರಿ! ಕುಂಕುಮ ಹಚ್ಚೀರಿಲ್ಲೋ?"

"ಗಂಗಕ್ಕ, ದಿಸ್ ಈಸ್ ಎಲೆಕ್ಟ್ರಾನಿಕ್ಸ್."

"ಇರವಲ್ದ್ಯಾಕ. ಫ್ರಿಜ್ಜಿಗೆ ಹಚ್ಚಿಲ್ಲೇನು ನೀವು? ಸೊಸಿ ದಿನಾ ಹೊರಗ ಒಯ್ಯೂ ಸಾಮಾನು. ಏನಾರ ಆದ್ರ?"

'ಏನಾರ ಆದ್ರ' ಎಂಬ ಎರಡು ಶಬ್ದಗಳ ಮುಂದೆ ಯಾವ ಕಾನ್ವೆಂಟು ನಿಂತೀತು? ಕಪ್ಪನ್ನು ತೆರೆದು, ಕೀಗಳ ಮೇಲ್ಗಡೆ ಹಣೆಯಂತೆ ಕಂಡ ಜಾಗದಲ್ಲಿ ಕುಂಕುಮ ಹಚ್ಚಿದೆ. ಬೆಳ್ಳಿಯದು ಪಕ್ಕದಲ್ಲಿ ಬೋಳುಬೋಳಾಗಿ ಕೂತಿತ್ತು. ಪರೀಕ್ಷೆಯಲ್ಲಿ ಪಕ್ಷಪಾತವೇ? ನೆವರ್! ಅದರ ಮುಚ್ಚಳಕ್ಕೂ ಹಚ್ಚಿದೆ.

ಹಚ್ಚಿದ ಮೇಲೆ ಹೊಳೆಯಿತು, ಇವುಗಳಲ್ಲಿ ಒಂದನ್ನು ತಿರುಗಿ ಕೊಡಬೇಕು!

ಒದ್ದೆ ಬಟ್ಟೆ ತಂದು ಒರೆಸಿದೆ. ಬೆಳ್ಳಿಯ ಮುಚ್ಚಳ ಗುಲಾಬಿಯಾಯಿತು. ಕಪ್ಪನ್ನು ಇನ್ನೂ ಜೋರಾಗಿ ಒರೆಸಿದೆ. ಕೆಂಪು ನೀರು ಕೀಗಳ ಸಂದಿಯಲ್ಲಿ ಇಳಿದುಹೋಯಿತು. ಒಳಗೆ ಏನೋ 'ಟಿಕ್' ಅಂದಿತು. ಅಲ್ಲಿಂದ ಯಾವ ಕೀ ಒತ್ತಿದರೂ ಸ್ಕ್ರೀನಿನ ಮೇಲೆ ಒಂದೇ ಅಕ್ಷರ: ಝಡ್, ಝಡ್, ಝಡ್. ಮಿಲಿಟರಿ ಗ್ರೇಡ್ ಅಂತೆ! ಚಿಟಿಕೆ ಕುಂಕುಮಕ್ಕೆ ಶರಣಾಗುವ ಮಿಲಿಟರಿ!

ಮರುದಿನ ಎರಡನ್ನೂ ಹೊತ್ತು ಅಂಗಡಿಗೆ ಹೋದೆ. ವೀರೇಶ ಗುಲಾಬಿ ಮುಚ್ಚಳವನ್ನು ನೋಡಿದ. ಕಪ್ಪನ್ನು ತೆರೆದು ಒಂದು ಕೀ ಒತ್ತಿದ. ನನ್ನನ್ನು ನೋಡಿದ.

"ಟೀಚರ್, ಕುಂಕುಮ ಹಚ್ಚಿದ ಸೀರಿ ನಮ್ಮಪ್ಪ ತಿರುಗಿ ತಗೋತಿದ್ರೇನ್ರಿ?"

ಇಂಥ ಪ್ರಶ್ನೆ ಕೇಳುವ ಬುದ್ಧಿ ಎಸ್ಸೆಸ್ಸೆಲ್ಸಿಯಲ್ಲಿ ಇದ್ದಿದ್ದರೆ ಫಸ್ಟ್ ಕ್ಲಾಸ್ ಬರುತ್ತಿದ್ದ! ತಪ್ಪು ನನ್ನದಾದಾಗ ನನಗೆ ಸಿಟ್ಟು ಇಮ್ಮಡಿ. ಪ್ರೊಜೆಕ್ಟರ್ ತೂತಿಲ್ಲದೆ ಲ್ಯಾಪ್‌ಟಾಪು ಮಾಡಿದವರನ್ನು, ಅದರ ಕಾಗದ ಬರೆದವರನ್ನು, ಕುಂಕುಮ ಮಾಡಿದವರನ್ನು, ಎಲ್ಲರನ್ನೂ ಗ್ರಾಮರ್ ತಪ್ಪದೆ ಬೈದೆ. ನಡುವೆ ವೀರೇಶ ಏನೋ ಹೇಳಲು ಕೈ ಎತ್ತಿದ.

"ಕೈ ಇಳಸು!" ಎಂದೆ.

ಇಳಿಸಿದ. ಕಪ್ಪಿಗೆ ಹೊಸ ಕೀಬೋರ್ಡು ಬರಲು ಮೂರು ವಾರವೆಂದು ಚೀಟಿಯಲ್ಲಿ ಬರೆದುಕೊಟ್ಟ. ಎರಡೂ ನಮ್ಮವೇ ಆದವು.

ಅಲ್ಲಿಯತನಕದ ವ್ಯವಸ್ಥೆಯನ್ನೂ ನಾನೇ ರೂಪಿಸಿದೆ: ಬೆಳ್ಳಿಯದರಲ್ಲಿ ಟೈಪ್ ಮಾಡುವುದು, ಪೆನ್‌ಡ್ರೈವಿನಲ್ಲಿ ಕಪ್ಪಿಗೆ ಹಾಕಿ ಮೌಸಿನಿಂದ ಪ್ರೊಜೆಕ್ಟರಿಗೆ ಕೊಡುವುದು. ಎರಡು ಲೈಟ್‌ವೇಟು, ಎರಡು ಚಾರ್ಜರು, ಒಂದು ಬ್ಯಾಗು. ಶೈಲಾ ಎತ್ತಿ ನೋಡಿದಳು.

"ಅತ್ತಿಯಾರ, ಹಳೇದ ಹಗರ ಇತ್ತಲ್ರಿ," ಎಂದು ನಕ್ಕಳು. ನಗುತ್ತಲೇ ಹೆಗಲು ಒತ್ತಿಕೊಂಡಳು.

ಅದನ್ನು ನೋಡಲಾಗಲಿಲ್ಲ. ಬ್ಯಾಗು ಕಸಿದುಕೊಂಡೆ. ಅಂದಿನಿಂದ ಬೆಳಗ್ಗೆ ಬಸ್‌ಸ್ಟ್ಯಾಂಡಿನ ತನಕ, ಸಂಜೆ ಅಲ್ಲಿಂದ ಮನೆಯ ತನಕ ಹೊರುವವಳು ನಾನು, ಎಂ.ಎ., ಬಿ.ಎಡ್.! ಬಸ್ಸು ಬಂದರೆ ಮುಂದೆ ನುಗ್ಗಿ ಸೀಟು ಹಿಡಿದುಕೊಡುವವಳೂ ನಾನೇ.

ಆರನೆಯ ದಿನ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನನ್ನ ಹೆಗಲ ಉಬ್ಬಿದ ಬ್ಯಾಗು ಕಂಡು ವೀರೇಶ ಸ್ಕೂಟರ್ ನಿಲ್ಲಿಸಿದ.

"ಟೀಚರ್, ಎರಡೂ ಯಾಕ ಹೊತಗೊಂಡು ಹೊಂಟೀರಿ?"

"ಬೆಳ್ಳಿದಕ್ಕ ಪ್ರೊಜೆಕ್ಟರ್ ತೂತು ಎಲ್ಲೈತೋ ಮಾರಾಯಾ?"

"ಅದಕ್ಕಂತ ಸಣ್ಣ ಅಡಾಪ್ಟರ್ ಇರ್ತದಲ್ರಿ, ಬೆರಳಷ್ಟ ಉದ್ದ. ಅದರ ಡಬ್ಬಿ ಒಳಗ ಐತಿ ನೋಡ್ರಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹೇಳಾಕಂತನ ಕೈ ಎತ್ತಿದ್ದೆರಿ."

ಮನೆಗೆ ಬಂದು ಡಬ್ಬಿ ಕೊಡವಿದೆ. ಟಪ್ ಎಂದು ಬಿತ್ತು. ಹುಣಸೆಕಾಯಿಯಷ್ಟೂ ಇರಲಿಲ್ಲ.

ಮರುದಿನ ಶೈಲಾ ಬೆಳ್ಳಿಯದೊಂದನ್ನೇ ಬ್ಯಾಗಿಗೆ ಹಾಕಿಕೊಂಡು ಕುಣಿಯುತ್ತ ಬಸ್ಸು ಹತ್ತಿದಳು. ಕಿಟಕಿಯಿಂದ ಬಲಗೈಯನ್ನು ಪೂರ್ತಿ ಎತ್ತಿ ಟಾಟಾ ಮಾಡಿದಳು. ನಾನೂ ಎತ್ತಲು ಹೋದೆ. ನನ್ನ ಬಲಗೈ ಸೊಂಟದ ತನಕ ಬಂದು ಅಲ್ಲೇ ನಿಂತಿತು. ಹಲ್ಲು ಕಚ್ಚಿ ಎತ್ತಿದೆ. ಬರಲಿಲ್ಲ. ಬಸ್ಸು ಹೊರಟಿತು. ಎಡಗೈಯಿಂದಲೇ ಟಾಟಾ ಮಾಡಿದೆ, ಬಹಳ ಸಿಟ್ಟಿನಿಂದ!