ಉಕ್ಕದ ಹಾಲು

ಅಣ್ಣಾಸಾಬರ ಹೊಸ ಮನೆಯ ವಾಸ್ತುಶಾಂತಿಯ ದಿನ ಹಳೆಯ ರೆಗ್ಯುಲೇಟರು ಹೊಸ ಗ್ಯಾಸ್ ಸಿಲಿಂಡರಿಗೆ ಕೂರಲೇ ಇಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಶ್ರೇಣಿಕ ಅಲ್ಲಿಗೆ ಬಂದದ್ದು ಊಟಕ್ಕಲ್ಲ, ತನ್ನ ಪ್ರಿನ್ಸಿಪಾಲ ಅಣ್ಣಾಸಾಬರ ಸಹಿಗೆ. ಅವನ ಪಿಎಚ್‌ಡಿಗೆ ಅವರೇ ಮಾರ್ಗದರ್ಶಕರು, ಪ್ರಬಂಧ ಕಳಿಸಲು ಅಂದೇ ಕಡೆಯ ದಿನ. ಇಂಡಕ್ಷನ್ ಒಲೆಯ ಮೇಲಿಟ್ಟ ಪಾತ್ರೆಯ ತಳದಲ್ಲಿ ಗಿರಗಿರ ತಿರುಗುವ ಸುಳಿ ಕರೆಂಟನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಕ್ಷಣಕ್ಷಣಕ್ಕೂ ಅದಕ್ಕೆ ಲಗಾಮು ಹಾಕುವುದು ಅವನ ವಿಷಯ. ಪಾತ್ರೆಯ ತಳವನ್ನು ಲೆಕ್ಕದಲ್ಲಿ ಹತ್ತು ಸಾವಿರ ತ್ರಿಕೋನಗಳಾಗಿ ಕತ್ತರಿಸಿ ಮೂರು ವರ್ಷ ನಿದ್ದೆಗೆಟ್ಟಿದ್ದ. ಸ್ಟಾಫ್ ರೂಮಿನವರು ಹಲ್ಲು ಕಿಸಿಯುತ್ತಿದ್ದರು. ಅಂದು ಅಲ್ಲಿಗೆ ಬರಲಿದ್ದ ಅವರಿಗೂ ತೋರಿಸಬೇಕೆಂದೇ ಒಲೆಯನ್ನು ಹೊತ್ತು ತಂದಿದ್ದ.

"ನನ್ನ ಒಲಿ ಗಾಡ್ಯಾಗ ಐತ್ರಿ ಸರ್, ತರ್ಲೇನ್ರಿ?"

"ತಾ ತಾ. ಹಾಲು ಉಕ್ಕಿದ ಕೂಡ್ಲೇ ಸಹಿ ಹೊಡೀತೀನಿ," ಅಂದರು ಅಣ್ಣಾಸಾಬರು.

ಒಲೆ ಬಂತು, ಹಾಲು ಏರಿತು. ಪಾತ್ರೆಯ ಅಂಚಿಗೆ ಬಂದು, ಹೊಸ್ತಿಲಲ್ಲಿ ನಿಂತ ಹೊಸ ಸೊಸೆಯ ಹಾಗೆ ಅಲ್ಲೇ ನಿಂತುಬಿಟ್ಟಿತು.

"ಉಕ್ಕಸೋ!" ಅಂದಳು ಅಣ್ಣಾಸಾಬರ ತಾಯಿ ಪದ್ಮವ್ವ.

ಶ್ರೇಣಿಕನಿಗೆ ಆಗ ಹೊಳೆಯಿತು. ಹಾಲು ಉಕ್ಕದಂತೆ ಹಿಡಿಯುವುದೇ ಅವನ ಪಿಎಚ್‌ಡಿ. ಹೊಸ ಮನೆಯಲ್ಲಿ ಹಾಲು ಉಕ್ಕಲೇಬೇಕು!

ಒಬ್ಬರು ಫ್ಯಾನು ಆರಿಸಿದರು, ಒಬ್ಬರು ಪಾತ್ರೆ ತಿರುಗಿಸಿದರು, ಇನ್ನೊಬ್ಬರು ಒಲೆಗೆ ಎರಡೇಟು ಕೊಟ್ಟರು. ಹಾಲು ಜಗ್ಗಲಿಲ್ಲ.

"ಮುಹೂರ್ತ ಮೀರಾಕತ್ತೈತಲೇ!" ಅಣ್ಣಾಸಾಬರು ಗುಡುಗಿದರು. "ಉಕ್ಕಸಲಿಲ್ಲಂದ್ರ ಸಹಿ ಮರತಬಿಡು."

ಒಂದು ಗುಂಡಿ ಒತ್ತಿದ್ದರೆ ಲಗಾಮು ಸಡಿಲಾಗುತ್ತಿತ್ತು. ಆದರೆ ಸ್ಟಾಫ್ ರೂಮಿನ ಅಷ್ಟೂ ಹಲ್ಲುಗಳು ಎದುರಿಗಿದ್ದವು. ಶ್ರೇಣಿಕನಿಗೆ ಸಿಟ್ಟು ನೆತ್ತಿಗೇರಿತು.

"ಒತ್ತೂದಿಲ್ರಿ! ಇದು ಉಕ್ಕಿದ್ರ ನನ್ನ ಮೂರು ವರ್ಷ ನೆಲಕ್ಕ ಚೆಲ್ಲಿದಂಗ. ಸಹಿ ಇಲ್ಲಂದ್ರ ಇಲ್ಲ!"

ಪದ್ಮವ್ವ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಡುಗೆಯವರ ಕಟ್ಟಿಗೆ ಒಲೆಯ ಮೇಲೆ ಎರಡೇ ನಿಮಿಷಕ್ಕೆ ಹಾಲು ಭುಸ್ಸನೆ ಉಕ್ಕಿತು. ಎಲ್ಲರೂ ಕೈ ಮುಗಿದರು. ಆಮೇಲೆ ಅವಳು ಒಳಗೆ ಬಂದು ಶ್ರೇಣಿಕನ ಒಲೆಯನ್ನು ಬಗ್ಗಿ ನೋಡಿ ಮಗನ ಕಡೆ ತಿರುಗಿದಳು.

"ಅಣ್ಣಾ, ದಿನಾ ಹಾಲು ಉಕ್ಕಿ ಒಲಿಕಟ್ಟಿ ಒರಸೂದ್ರಾಗ ನನ್ನ ನಡಾ ಹೋಗೇತಿ. ಇಂಥಾ ಒಲಿ ಮಾಡಿದಾಂವ ಶಾಣ್ಯಾ ಇದ್ದಾನ. ಸಹಿ ಹೊಡಿ."

ಶ್ರೇಣಿಕನ ಎದೆ ಉಬ್ಬಿತು. ಅಣ್ಣಾಸಾಬರು ಪೆನ್ನು ತೆಗೆದವರು ಮತ್ತೆ ಕಿಸೆಗಿಟ್ಟರು.

"ಹೊಡೀತೀನವ್ವ. ಆದ್ರ ಪ್ರಯೋಗ ಒಂದ ದಿನದ್ದಾದ್ರ ಯಾರೂ ಒಪ್ಪೂದಿಲ್ಲ. ಒಂದ ವರ್ಷ ನಮ್ಮ ಅಡಗೀಮನ್ಯಾಗ ನಡೀಲಿ, ಮುಂದಿನ ವರ್ಷ ಕಳಸೂಣು. ದಿನಾ ಮುಂಜಾನೆ ಆರಕ್ಕ ಬಂದು ಹಾಲು ಕಾಸು."

"ನಾ ಬರಾಂವಲ್ರಿ!" ಶ್ರೇಣಿಕ ಅಬ್ಬರಿಸಿದ.

"ಆತು, ಆರೂವರೀಕ ಬಾ," ಅಂದಳು ಪದ್ಮವ್ವ. "ಬರೂ ಮುಂದ ಎರಡ ಲೀಟರ್ ಹಾಲು ತಗೊಂಡ ಬಾ."